ಅಕ್ಕನ ಮಾತ್ರೆಯಲ್ಲಿ ನಾನು ಮಾಡಿದ ಚೌಕಾಸಿ

ಮೊದಲು ಹೇಳಿದ ಬೆಲೆಗೆ ನಾನು ಏನನ್ನೂ ಕೊಂಡವನಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟಿನಿಂದ ಹಿಡಿದು ರೇಷ್ಮೆ ಸೀರೆಯವರೆಗೆ, ಎದುರಿನವರು ಬಾಯಿ ಬಿಟ್ಟರೆ ಸಾಕು, ನನ್ನ ಕಿವಿ ಅದರಲ್ಲಿ ಅರ್ಧ ಇಳಿಸಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಹೊರುತ್ತಿದ್ದವನು, ಮೊಳಕಾಲ್ಮೂರಿನ ನೇಕಾರರ ಸೀರೆಗಳನ್ನು ಊರೂರಿನ ಅಂಗಡಿಗಳಿಗೆ ಹಿಡಿಸುವ ವ್ಯಾಪಾರಿಯಾದದ್ದು ಈ ಗುಣದಿಂದಲೇ. ಯಾರೂ ಕಲಿಸಿದ್ದಲ್ಲ. ಅದರ ಬಗ್ಗೆ ಹೆಮ್ಮೆಯಿತ್ತು. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಸಲ ಆ ಗುಣವನ್ನು ಡಾಕ್ಟರ ಕೋಣೆಯೊಳಕ್ಕೂ ತೆಗೆದುಕೊಂಡು ಹೋದೆ. ಆ ಚೌಕಾಸಿಯಲ್ಲಿ ನಷ್ಟವಾದದ್ದು ನನಗಲ್ಲ, ನನ್ನ ಅಕ್ಕನಿಗೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದಳು. ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದ್ದು ಎಲ್ಲ ಇವಳೇ. ಮದುವೆಯಾಗಿ ಹೋದದ್ದೂ ಎರಡು ಬೀದಿ ಆಚೆಗೆ. ಭಾವ ನೇಕಾರ, ಒಳ್ಳೆಯ ಕೈ. ನಮ್ಮ ಕಡೆಯ ದೊಡ್ಡ ಅಂಚಿನ ಸೀರೆಯನ್ನು ಒಬ್ಬರೇ ನೇಯಲು ಆಗುವುದಿಲ್ಲ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಒಬ್ಬರು ನೇಯ್ದರೆ, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಹಾಯಿಸಲು ಇನ್ನೊಬ್ಬರು ಬೇಕು. ಒಡಲಿನ ಎಳೆ, ಅಂಚಿನ ಎಳೆ ಪ್ರತಿ ಸಾಲಿನಲ್ಲೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ಇಪ್ಪತ್ತಾರು ವರ್ಷ ಭಾವನ ಪಕ್ಕದಲ್ಲಿ ಕೂತು ಆ ಲಾಳಿ ಹಾಯಿಸಿದವಳು ಅಕ್ಕ. ಇಬ್ಬರ ನಡುವೆ ಮಾತೇ ಬೇಕಿರಲಿಲ್ಲ. ಇವನ ಕೈ ನಿಂತ ಕಡೆ ಅವಳ ಕೈ ಏಳುತ್ತಿತ್ತು.

ಆಕೆಗೆ ಏನೋ ಆಗಿದೆ ಎಂದು ನನಗೆ ತಿಳಿದದ್ದು ಅವಳ ಮುಖ ನೋಡಿ ಅಲ್ಲ. ಸೀರೆ ನೋಡಿ. ಬೆಳಕಿಗೆ ಹಿಡಿದರೆ ಅಂಚು ಮತ್ತು ಒಡಲು ಸೇರುವಲ್ಲಿ ಸಣ್ಣ ಸಣ್ಣ ಕಿಂಡಿ. ಕೊಂಡಿ ತಪ್ಪಿದೆ. ಒಂದಲ್ಲ, ಸಾಲಾಗಿ ಮೂರು ಸೀರೆಯಲ್ಲಿ. ನಾನು ಆ ಕಿಂಡಿಯಲ್ಲಿ ಕಿರುಬೆರಳು ತೂರಿಸಿ ತೋರಿಸಿದೆ, ಇದನ್ನು ಯಾರ ಮುಂದೆ ಬಿಚ್ಚಲಿ ಅಂತ ಕೇಳಿದೆ, ಕಣ್ಣಿಗೆ ಕನ್ನಡಕ ಹಾಕಿಸಿಕೋ ಅಂತಲೂ ಬುದ್ಧಿ ಹೇಳಿದೆ. ಅಕ್ಕ ಬಗ್ಗಿಸಿದ ತಲೆ ಎತ್ತಲಿಲ್ಲ. ನಮ್ಮ ಮನೆಮಾತು ತೆಲುಗು. ಅದರಲ್ಲೇ ಮೆಲ್ಲಗೆ, ಏನೂ ಇಲ್ಲ ಕಣೋ ಎಂಬಂತೆ, "ಏಮೀ ಲೇದುರಾ" ಅಂದಳು. ಸೀರೆಯ ದೋಷ ಹಿಡಿದ ಖುಷಿಯಲ್ಲಿ ನಾನು ಮನೆಗೆ ಬಂದೆ. ಈಗ ಆ ಬೆರಳು ನೆನಪಾದರೆ ನನಗೇ ಅಸಹ್ಯ.

ಭಾವ ಮಾತು ಕಮ್ಮಿಯ ಮನುಷ್ಯ. ನೇಕಾರ ಅಂಗಡಿಗೆ ಹೋದರೆ ಮಾತಾಡುವುದು ವ್ಯಾಪಾರಿ; ನೇಕಾರ ಹಿಂದೆ ನಿಂತಿರುತ್ತಾನೆ. ಅದು ನಮ್ಮಲ್ಲಿ ಪದ್ಧತಿ. ಅಂಥವನು ಒಂದು ಬೆಳಿಗ್ಗೆ ನನ್ನ ಮನೆ ಬಾಗಿಲಿಗೆ ತಾನಾಗಿ ಬಂದ. ಅಕ್ಕ ನಸುಕಿಗೇ ಎದ್ದು ಗೋಡೆ ನೋಡುತ್ತ ಕೂರುತ್ತಾಳಂತೆ. ತಟ್ಟೆಯಲ್ಲಿ ಹಾಕಿದ ಮುದ್ದೆ ಒಣಗುತ್ತದಂತೆ. ಸ್ನಾನಕ್ಕೆ ಏಳಿಸುವುದೇ ಒಂದು ಕೆಲಸವಂತೆ. ಇದು ಶುರುವಾಗಿ ಎರಡು ತಿಂಗಳ ಮೇಲಾಯಿತಂತೆ. ಎಲ್ಲ ಹೇಳಿ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವನು ಅಂದದ್ದು ಇದು: "ತಾನಿದ್ದು ಏನುಪಯೋಗ ಅಂತ ಕೇಳ್ತಾಳಯ್ಯಾ. ನನಗೆ ಉತ್ತರ ಬರಲ್ಲ."

ಆಗಲೂ ನಾನು ಮೊದಲು ಕೊಂಡದ್ದು ಮೆಡಿಕಲ್ ಸ್ಟೋರಿನ ಟಾನಿಕ್ಕು. ಶಕ್ತಿಗೆ. ಬಾಟಲಿ ಖಾಲಿಯಾಯಿತು, ಅಕ್ಕ ಹಾಗೇ ಇದ್ದಳು. ಕೊನೆಗೆ ಬೀದಿಯ ಆಶಾ ಕಾರ್ಯಕರ್ತೆ ಬಂದು ಅಕ್ಕನ ಜೊತೆ ಅರ್ಧ ಗಂಟೆ ಕೂತು ಎದ್ದು, ಇದು ಸುಸ್ತಲ್ಲ, ಖಿನ್ನತೆ ಇದ್ದ ಹಾಗಿದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದು ಹೇಳಿದಳು. ತಾನಿದ್ದು ಏನುಪಯೋಗ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಅದಕ್ಕೆ ಟಾನಿಕ್ಕು ತರಬೇಡಿ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹೋಗುವವರೆಗೆ ಒಬ್ಬರನ್ನೇ ಬಿಡಬೇಡಿ. ಇದನ್ನು ನಾನು ತಡವಾಗಿ ಕಲಿತೆ, ನೀವು ಬೇಗ ಕಲಿಯಿರಿ.

ಚಳ್ಳಕೆರೆಗೆ ಹೋಗೋಣ ಎಂದದ್ದು ನಾನು. ಊರಲ್ಲಾದರೆ ನೋಡಿದವರು ಕೇಳುತ್ತಾರೆ ಎಂಬ ಲೆಕ್ಕ. ಮೂವರೂ ಹೊರಟೆವು. ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ಅಕ್ಕ ಭಾವನ ಪಕ್ಕ ಕೂತು ಕಿಟಕಿಯಾಚೆಯ ಒಣ ಹೊಲಗಳನ್ನೇ ನೋಡುತ್ತಿದ್ದಳು. ಇಳಿದು ಮನಸ್ಸಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕಾಲಿಡಬೇಕು, ಎದುರಿಗೇ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹಳೆಯ ರೈಟರು. ಚೀಲ ಹೊರುವ ಕಾಲದಿಂದ ಗೊತ್ತಿದ್ದವರು. ಏನು ಸಮಾಚಾರ ಎಂದರು. ನನ್ನ ಬಾಯಿಗೆ ಬಂದದ್ದು ಹಲ್ಲು ನೋವು.

"ಹಲ್ಲಾ? ಹಲ್ಲಿನ ಡಾಕ್ಟ್ರು ಇಲ್ಲೆಲ್ಲಿದಾರೆ ಮಾರಾಯ? ಆ ಕಡೆ ಬೀದಿ. ಬಾ ತೋರಿಸ್ತೀನಿ."

ಬೇಡವೆಂದರೂ ಕೇಳದೆ ನಮ್ಮನ್ನು ಹಲ್ಲಿನ ಆಸ್ಪತ್ರೆ ತನಕ ನಡೆಸಿಕೊಂಡು ಹೋದರು. ಲವಂಗ ಕಚ್ಚಿಕೋ ತಾಯಿ ಎಂದು ಅಕ್ಕನಿಗೆ ಹೇಳಿ, ಒಳಗೆ ಬೆಂಚಿನ ಮೇಲೆ ಕೂರಿಸಿಯೇ ಬಿಟ್ಟರು. ಅವರು ಮರೆಯಾಗುವವರೆಗೂ ನಾವು ಮೂವರು, ಹಲ್ಲು ಗಟ್ಟಿ ಇದ್ದವರು, ಕೆನ್ನೆ ಊದಿದವರ ನಡುವೆ ಕೂತಿದ್ದೆವು. ಭಾವನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದಳು, ಅಷ್ಟೇ. ತನ್ನ ಕಾಯಿಲೆ ಮುಚ್ಚಿಡಬೇಕಾದ ವಸ್ತು ಎಂದು ಅವಳಿಗೆ ಅವತ್ತು ಹೇಳಿಕೊಟ್ಟವನು ನಾನೇ. ಇದು ನನಗೆ ಹೊಳೆದದ್ದು ಬಹಳ ದಿನ ಕಳೆದ ಮೇಲೆ.

ಡಾಕ್ಟರಮ್ಮ ನನಗಿಂತ ಚಿಕ್ಕವರು. ಕೇಳಿದ್ದೆಲ್ಲ ಅಕ್ಕನನ್ನೇ, ಉತ್ತರ ಕೊಟ್ಟದ್ದೆಲ್ಲ ನಾನು. ನಿದ್ದೆ ಹೇಗೆ, ಊಟ ಹೇಗೆ, ಎಷ್ಟು ದಿನದಿಂದ. ಅಂಗಡಿಯಲ್ಲಿ ನಿಂತು ಮಾತಾಡುವ ಅಭ್ಯಾಸ ಬಿಡಬೇಕಲ್ಲ. ಬೇರೆ ಯಾವುದಾದರೂ ಮಾತ್ರೆ, ನಾಟಿ ಔಷಧಿ ತಗೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಮಗ್ಗದ ಪಕ್ಕ ಸೊಂಟ ತಿರುಗಿಸಿ ಕೂತು ಕೂತು ಅಕ್ಕನಿಗೆ ಬೆನ್ನು ನೋವು, ಅದಕ್ಕೆ ಮೆಡಿಕಲ್ ಸ್ಟೋರಿನಿಂದ ದಿನಾ ಎಂಬಂತೆ ನೋವಿನ ಮಾತ್ರೆ ನುಂಗುತ್ತಿದ್ದಳು. ನನಗೆ ಅದು ಮಾತ್ರೆಯ ಲೆಕ್ಕದಲ್ಲೇ ಇರಲಿಲ್ಲ. ಭಾವ ಹಿಂದಿನಿಂದ ಕೆಮ್ಮಿ, ಆ ವಿಷಯ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕೆಲವು ನೋವಿನ ಮಾತ್ರೆಗಳು ಈ ಔಷಧಿಯ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದಂತೆ. ಅದನ್ನು ನಿಲ್ಲಿಸಿ ಬೇರೆ ಬರೆದುಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನೀವು ಹತ್ತು ನಿಮಿಷ ಹೊರಗಿರಿ ಎಂದರು. ನನಗೆ ಅವಮಾನವಾಯಿತು. ಆ ಹತ್ತು ನಿಮಿಷದಲ್ಲಿ ಅಕ್ಕ ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಕರೆದಾಗ ಅವಳ ಕಣ್ಣು ಕೆಂಪಾಗಿತ್ತು, ಆದರೆ ತಲೆ ಎತ್ತಿ ಕೂತಿದ್ದಳು.

ಮಾತ್ರೆ ದಿನಕ್ಕೆ ಒಂದು, ಊಟವಾದ ಮೇಲೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ಬಾಯಿ ಒಣಗುವುದು ಇರಬಹುದು, ಬಹುಪಾಲು ತಾನಾಗಿ ಇಳಿಯುತ್ತದೆ. ಚಡಪಡಿಕೆ ಹೆಚ್ಚಾದರೆ, ಬದುಕು ಬೇಡ ಎನ್ನುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ತಕ್ಷಣ ಫೋನು. ಒಂದು ದಿನ ಮರೆತರೆ ಮಾರನೆ ದಿನ ಎರಡು ನುಂಗುವ ಹಾಗಿಲ್ಲ. ಇಷ್ಟನ್ನೂ ಅವರು ಅಕ್ಕನ ಮುಖ ನೋಡಿಯೇ ಹೇಳಿದರು. ಕೊನೆಗೆ, ಪೂರ್ತಿ ಚೆನ್ನಾಗಿದ್ದೀನಿ ಅನ್ನಿಸಿದ ಮೇಲೂ ಕನಿಷ್ಠ ಆರು ತಿಂಗಳು ಬಿಡಬಾರದು ಎಂದರು.

ಆರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಬಾಯಿ ಹಾಕಿದೆ. ಮೂರಕ್ಕೆ ಆಗಲ್ಲವಾ ಮೇಡಂ?

"ಇದರಲ್ಲಿ ಕಮ್ಮಿ ಮಾಡೋದಿದ್ದರೆ ನಾನು ಮಾಡ್ತೀನಿ. ನೀವು ಮಾಡಬೇಡಿ," ಎಂದರು. ನಕ್ಕೇ ಹೇಳಿದರು. ನನ್ನ ಮೂವತ್ತು ವರ್ಷದ ಅನುಭವ ಆ ನಗುವಿಗೆ ಬೇರೆ ಅರ್ಥ ಹಚ್ಚಿತು. ಬೆಲೆ ಇಳಿಸುವ ಮನಸ್ಸಿದ್ದವರೇ ಹಾಗೆ ನಗುವುದು.

ಮೊದಲ ಹದಿನೈದು ದಿನ ಕಷ್ಟ. ಅಕ್ಕನಿಗೆ ಬೆಳಿಗ್ಗೆ ವಾಕರಿಕೆ, ತಲೆ ಭಾರ. ಗುಣವಂತೂ ಕಾಣಲಿಲ್ಲ. ಈ ಮಾತ್ರೆ ಒಗ್ಗಲಿಲ್ಲ, ಬೇರೆ ಡಾಕ್ಟರನ್ನು ನೋಡೋಣ ಎಂದೆ ನಾನು. ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದ. ಇನ್ನೊಂದು ವಾರ ನೋಡಿ, ಹೊಟ್ಟೆ ತುಂಬ ಊಟ ಮಾಡಿದ ಮೇಲೆ ಕೊಡಿ ಎಂದರಂತೆ. ಹಾಗೇ ಮಾಡಿದ. ವಾಕರಿಕೆ ಹೋಯಿತು. ಮಗ್ಗ ನಿಂತೇ ಇತ್ತು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಭಾವ ಹಳೆಯ ಪಂಚೆ ಹೊದಿಸಿದ್ದ.

ಐದನೇ ವಾರವಿರಬೇಕು. ನಾನು ಜಗಲಿಯಲ್ಲಿ ಕೂತು ಫೋನಿನಲ್ಲಿ ಯಾರ ಜೊತೆಗೋ ಸೀರೆಯ ಬಗ್ಗೆ ಎಳೆದಾಡುತ್ತಿದ್ದೆ. ಮುಗಿಸಿ ಒಳಗೆ ಬಂದರೆ ಅಕ್ಕ ಒಲೆಯ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಹಳೆಯ ಕೊಂಕು.

"ಅಷ್ಟೊತ್ತು ಸುಳ್ಳು ಹೇಳಿ ಬಾಯಿ ನೋಯಲ್ವೇನೋ? ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬಾ, ದಾರಿ ಗೊತ್ತೈತಲ್ಲ."

ಭಾವ ಅಲ್ಲೇ ಕೂತಿದ್ದವನು ಎದ್ದು ಹಿತ್ತಲಿಗೆ ಹೋದ. ಅವನು ಅತ್ತದ್ದು ನಾನು ನೋಡಿಲ್ಲ, ಮೂಗು ಸೀಟಿದ್ದು ಕೇಳಿಸಿತು. ಮಾರನೆಯ ದಿನ ಪಂಚೆ ಸರಿಸಿ ಇಬ್ಬರೂ ಮಗ್ಗಕ್ಕೆ ಕೂತರು. ಮೊದಲು ಒಂದು ಗಂಟೆ, ಆಮೇಲೆ ಅರ್ಧ ದಿನ. ಆ ಸೀರೆ ಮಗ್ಗದಿಂದ ಇಳಿಸಿದಾಗ ನಾನು ಬೆಳಕಿಗೆ ಹಿಡಿದೆ. ಒಂದು ಕಿಂಡಿಯೂ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಅಕ್ಕ ಗೆಲುವಾಗಿ ಮೂರು ತಿಂಗಳಾಗುವ ಹೊತ್ತಿಗೆ ಹೊರಗಿನ ಒಂದು ಅಂಗಡಿಯವರು ಮದುವೆ ಸೀರೆಗಳನ್ನು ಕೇಳಿದರು. ದೊಡ್ಡ ಅಂಚು, ಗಟ್ಟಿ ಕೆಲಸ, ಮುಹೂರ್ತಗಳು ಶುರುವಾಗುವ ಮೊದಲು ಕೊಡಬೇಕು. ನಾನು ಅಕ್ಕನ ಮಗ್ಗವನ್ನು ನಂಬಿ ಒಪ್ಪಿಕೊಂಡೆ. ಅಕ್ಕನಿಗೆ ಬೆಳಗಿನ ಹೊತ್ತು ಸ್ವಲ್ಪ ಮಂಪರು ಇರುತ್ತಿತ್ತು. ಮಗ್ಗಕ್ಕೆ ಕೂರುವಾಗ ಒಂಬತ್ತೂವರೆ, ಹತ್ತು, ಅಷ್ಟರಮಟ್ಟಿಗೆ ಸೀರೆ ಹಿಂದೆ ಬೀಳುತ್ತಿತ್ತು. ಅದನ್ನು ಡಾಕ್ಟರಮ್ಮನಿಗೆ ಹೇಳಿ ಮಾತ್ರೆಯ ಹೊತ್ತು ಬದಲಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಒಂದು ಫೋನಿನ ಕೆಲಸ. ಫೋನು ದಿನವಿಡೀ ನನ್ನ ಕೈಯಲ್ಲೇ ಇರುತ್ತದೆ.

ಫೋನು ಮಾಡಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಊಟ ಮುಗಿಸಿ ಮಾತ್ರೆಯ ಹಾಳೆ ಕೈಗೆ ತಗೊಂಡಾಗ ಪಕ್ಕ ಕೂತೆ. ಭಾವ ರೇಷ್ಮೆಗೆ ಬಣ್ಣ ಹಾಕುವವರ ಮನೆಗೆ ಹೋಗಿದ್ದ. ಈಗ ಚೆನ್ನಾಗಿದೀಯಲ್ಲಕ್ಕಾ, ಇನ್ನೂ ಇದ್ಯಾಕೆ ಎಂದೆ. ಡಾಕ್ಟರಮ್ಮ ಆರು ತಿಂಗಳು ಅಂದಿದ್ದಾರಲ್ಲ ಎಂದಳು. ನಾನು ನಕ್ಕೆ.

"ಆರು ಅಂದ್ರೆ ಮೂರು ಅಂತಲೇ ಅಕ್ಕಾ. ಎಲ್ರೂ ಮೇಲಿಟ್ಟೇ ಹೇಳ್ತಾರೆ. ನಿನಗೆ ನಾನು ಯಾವತ್ತಾದ್ರೂ ಲುಕ್ಸಾನು ಮಾಡಿದ್ದೀನಾ?"

ಮಾಡಿರಲಿಲ್ಲ. ಅದೇ ಕಷ್ಟ. ಅವಳ ಸೀರೆಗೆ ಯಾವತ್ತೂ ಒಳ್ಳೆಯ ಬೆಲೆ ತಂದುಕೊಟ್ಟವನು ನಾನು, ಅವಳು ನನ್ನನ್ನು ಅನುಮಾನಿಸಿದ್ದೇ ಇಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದಳು. ಹಾಳೆಯನ್ನು ನನ್ನ ಕೈಯಲ್ಲಿಟ್ಟಳು. ಅದರಲ್ಲಿ ಇನ್ನೂ ಏಳು ಮಾತ್ರೆಗಳಿದ್ದವು. ನಾನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಮೂರು ದಿನಕ್ಕೆ ಅಕ್ಕನಿಗೆ ತಲೆ ತಿರುಗಲು ಶುರುವಾಯಿತು. ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಜುಂ ಎನ್ನುತ್ತದೆ ಎಂದಳು. ಕೆಟ್ಟ ಕನಸು, ಬೆವರು, ಸುಮ್ಮಸುಮ್ಮನೆ ಸಿಟ್ಟು. ಭಾವನ ಮೇಲೆ ಲಾಳಿ ಎಸೆದಳು, ಆಮೇಲೆ ತಾನೇ ಅತ್ತಳು. ಬಿಸಿಲಿಗೆ ಪಿತ್ತ ಏರಿದೆ, ನಿಂಬೆಹಣ್ಣಿನ ಪಾನಕ ಕುಡಿ ಎಂದು ನಾನು ಸಲಹೆ ಕೊಟ್ಟೆ. ಸಲಹೆ ಕೊಡಲು ನನಗೆ ಯಾವತ್ತೂ ಬರವಿಲ್ಲ. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಅದಕ್ಕೇ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಿಡಬೇಕು, ಅದೂ ಡಾಕ್ಟರು ಹೇಳಿದ ಹಾಗೆ, ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ತಲೆಯ ಜುಂ ಎರಡು ವಾರದಲ್ಲಿ ಇಳಿಯಿತು. ನೋಡಿದೆಯಾ, ಸರಿಹೋಯಿತು ಎಂದೆ. ತಿಂಗಳು ತುಂಬುವ ಹೊತ್ತಿಗೆ ಅಕ್ಕ ಮತ್ತೆ ನಸುಕಿಗೆ ಎದ್ದು ಗೋಡೆಯ ಮುಂದೆ ಕೂತಿದ್ದಳು. ಈ ಸಲ ಮೊದಲಿಗಿಂತ ಆಳ. ಮೊದಲ ಸಲ "ಏಮೀ ಲೇದುರಾ" ಎಂದಾದರೂ ಅನ್ನುತ್ತಿದ್ದಳು. ಈಗ ಅದೂ ಇಲ್ಲ. ಮಗ್ಗದಲ್ಲಿ ಮೂರನೇ ಮದುವೆ ಸೀರೆ ಅರ್ಧಕ್ಕೆ ನಿಂತಿತು.

ನನಗೆ ಭಯವಾಯಿತು. ಭಯವಾದರೆ ನಾನು ಇನ್ನೂ ಹೆಚ್ಚು ಲೆಕ್ಕ ಹಾಕುತ್ತೇನೆ. ಜೇಬಿನಿಂದ ಮೇಜಿನ ಡ್ರಾಯರಿಗೆ ಹೋಗಿದ್ದ ಆ ಏಳು ಮಾತ್ರೆ ತಂದು ಭಾವನ ಮುಂದಿಟ್ಟೆ. ನಡೆದದ್ದನ್ನು ಹೇಳಿದೆ. ಬಿಟ್ಟ ದಿನಗಳದ್ದೂ ಸೇರಿ ಮುಟ್ಟಬೇಕಲ್ಲ, ದಿನಕ್ಕೆ ಎರಡರಂತೆ ಕೊಡು ಎಂದೆ.

ಭಾವ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮಾತ್ರೆ ಬಿಟ್ಟದ್ದು ಅವನಿಗೆ ತಿಳಿದದ್ದೇ ಆಗ. ಅಕ್ಕ ಅವನಿಗೂ ಹೇಳಿರಲಿಲ್ಲ. ತಮ್ಮ ಹೇಳಿದ್ದಾನಲ್ಲ, ಇನ್ನೇನು ಎಂದುಕೊಂಡಿದ್ದಳು. ನಾನು ಬೈಗುಳ ಕಾಯುತ್ತಿದ್ದೆ. ಅವನು ಮಗ್ಗದ ಕಡೆ ಕೈ ತೋರಿಸಿದ.

"ಅರ್ಧ ಸೀರೆ ಚೆಂದ ಬಂದೈತೆ ಅಂತ ಹಾಸು ಕತ್ತರಿಸ್ತೀವೇನಯ್ಯಾ? ಈಗ ಎರಡು ಕೊಡು ಅಂತೀಯ. ನಿನ್ನ ಲೆಕ್ಕ ಸೀರೆಗೆ ಇಟ್ಕೊ. ಅವಳಿಗೆ ಬ್ಯಾಡ."

ಮಾರನೆ ದಿನ ಬೆಳಗಿನ ಬಸ್ಸಿಗೆ ಅಕ್ಕನನ್ನು ಕರೆದುಕೊಂಡು ಚಳ್ಳಕೆರೆಗೆ ಹೋದ. ನನ್ನನ್ನು ಕರೆಯಲಿಲ್ಲ. ನಾನು ಬೈಕಿನಲ್ಲಿ ಹಿಂದೆಯೇ ಹೋದೆ. ಹೋಗುವಷ್ಟೂ ದಾರಿ ಡಾಕ್ಟರಮ್ಮನ ಮುಂದೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ತಪ್ಪು ನನ್ನದು ಮೇಡಂ, ಇವಳು ಬಿಟ್ಟದ್ದಲ್ಲ, ನಾನು ಬಿಡಿಸಿದ್ದು. ಒಂದೇ ಉಸಿರಿನ ಮಾತು.

ಕೋಣೆಯಲ್ಲಿ ಮಾತಾಡಿದ್ದು ಭಾವ. ಯಾವ ಅಂಗಡಿಯಲ್ಲೂ ಬಾಯಿ ಬಿಡದವನು, ಯಾವ ದಿನದಿಂದ ಊಟ ಬಿಟ್ಟಳು, ತಲೆ ಜುಂ ಎಂದದ್ದು ಎಷ್ಟು ದಿನ, ನೋವಿನ ಮಾತ್ರೆ ಮತ್ತೆ ತಗೊಂಡಿಲ್ಲ, ಎಲ್ಲ ಒಂದೂ ತಪ್ಪದೆ ಹೇಳಿದ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಡಾಕ್ಟರಮ್ಮ ಕಾಗದದಿಂದ ತಲೆ ಎತ್ತಿ, ಮಾತ್ರೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ಭಾವ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡ. ನನ್ನ ಕಡೆ ನೋಡಲೂ ಇಲ್ಲ. ಹೇಳುವ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದ.

ನಾನು ಬಾಯಿ ತೆರೆದೆ. ಮೊದಲ ಪದಕ್ಕೆ ತಡವಾಯಿತು. ಒಂದು ಗಳಿಗೆ, ಅಷ್ಟೇ.

ವಾರದಿಂದ ಮಾತೇ ಆಡದಿದ್ದ ಅಕ್ಕ, ಸೆರಗಿನ ತುದಿ ನೋಡುತ್ತ, "ನಾನೇ ಮೇಡಂ," ಅಂದಳು.

ಡಾಕ್ಟರಮ್ಮ ಬೈಯಲಿಲ್ಲ. ಚೆನ್ನಾಗಿದ್ದಾಗ ಎಲ್ಲರಿಗೂ ಹಾಗನ್ನಿಸುತ್ತದೆ, ಆದರೆ ಚೆನ್ನಾಗಿರುವುದೇ ಮಾತ್ರೆ ಕೆಲಸ ಮಾಡುತ್ತಿದೆ ಎಂಬ ಗುರುತು ಅಮ್ಮಾ ಎಂದು ಬಿಡಿಸಿ ಹೇಳಿದರು. ಒಮ್ಮೆ ಬಿಟ್ಟದ್ದನ್ನು ಹಳೆಯ ಲೆಕ್ಕಕ್ಕೆ ತಾವೇ ಶುರು ಮಾಡುವ ಹಾಗಿಲ್ಲ, ಎರಡೆರಡಂತೂ ಕೂಡದು. ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು. ವಾರಕ್ಕೊಮ್ಮೆ ಬರಬೇಕು. ಕಾಯಿಲೆ ಮರಳಿ ಬಂದದ್ದರಿಂದ ಈ ಸಲ ಗುಣವಾದ ಮೇಲೂ ಇನ್ನಷ್ಟು ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ನಾನು ಮಾಡಿದ ತಪ್ಪಿನ ಬುದ್ಧಿಮಾತನ್ನು ಅವಳು ಕೂತು ಕೇಳಿಸಿಕೊಂಡಳು, ನಾನು ನಿಂತು ನೋಡಿದೆ.

ಹೊರಗೆ ಬಂದು ಯಾಕೆ ಹಾಗಂದೆ ಎಂದು ಕೇಳಿದೆ. ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸು ಹತ್ತುವ ಮೊದಲು, ನನ್ನ ಕಡೆ ನೋಡದೆ, "ನೀನು ಹೇಳ್ತೀಯೇನೋ ಅಂತ ಕಾದೆ," ಅಂದಳು. ಸಿಟ್ಟಿನಿಂದ ಅಲ್ಲ. ಸಿಟ್ಟಿನಿಂದ ಅಂದಿದ್ದರೆ ಅದಕ್ಕೊಂದು ಉತ್ತರ ಹುಡುಕುತ್ತಿದ್ದೆ.

ಎರಡನೇ ಸಲ ಗುಣವಾಗಲು ಬಹಳ ಕಾಲ ಹಿಡಿಯಿತು. ಒಂದು ಸಲ ಮಾತ್ರೆಯನ್ನೇ ಬದಲಿಸಬೇಕಾಯಿತು, ಅದನ್ನೂ ಡಾಕ್ಟರಮ್ಮನೇ ಹಳೆಯದು ಇಳಿಸಿ ಹೊಸದು ಏರಿಸಿ ಮಾಡಿದರು. ಮದುವೆ ಸೀರೆಗಳು ಹೊತ್ತಿಗೆ ಮುಟ್ಟಲಿಲ್ಲ. ಆ ಅಂಗಡಿಯವರು ಮತ್ತೆ ನನ್ನನ್ನು ಕರೆದಿಲ್ಲ, ಅದು ಬಿಡಿ. ಭಾವ ಸಣ್ಣ ಅಂಚಿನ ಸೀರೆಗೆ ಇಳಿದ. ಅದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಡ, ಒಂದೇ ಲಾಳಿ ಸಾಕು. ಈಗ ಅಕ್ಕ ಚೆನ್ನಾಗಿದ್ದಾಳೆ. ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ಬೀದಿಯ ಹೆಂಗಸರ ಜೊತೆ ಕೂತು ನಗುತ್ತಾಳೆ. ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಬೇರೆ ಇಬ್ಬರು ಹೆಂಗಸರಿಗೆ, ನಾಚಿಕೆ ಬೇಡ, ತೋರಿಸಿಕೊಳ್ಳಿ ಎಂದು ಹೇಳಿ ಬಂದಿದ್ದಾಳಂತೆ. ಕೆಲವು ದಿನ ಭಾವನ ಪಕ್ಕ ಕೂರುತ್ತಾಳೆ. ಅವನು ಕೈ ನಿಲ್ಲಿಸಿ ಅವಳ ಕೈ ಏಳುವುದನ್ನು ಕಾಯುತ್ತಾನೆ. ಮೊದಲು ಕಾಯಬೇಕಿರಲಿಲ್ಲ.

ಅವಳು ಯಾವಾಗ ಮಾತ್ರೆ ಬಿಡುತ್ತಾಳೆ, ಬಿಡುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ತೀರ್ಮಾನಿಸುವವರು ಅವಳು ಮತ್ತು ಡಾಕ್ಟರಮ್ಮ. ನನ್ನ ಪರಿಚಯದವರಲ್ಲಿ ಯಾರ ಮನೆಯಲ್ಲಾದರೂ ಈ ಮಾತ್ರೆ ನಡೆಯುತ್ತಿದೆ ಎಂದು ಗೊತ್ತಾದರೆ ಸಾಕು, ನಾನು ಹೋಗಿ ಕೂತು ಹೇಳುತ್ತೇನೆ. ಚೆನ್ನಾಗಿದ್ದೀರಿ ಅಂತ ಬಿಡಬೇಡಿ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ, ಅದರ ಜೊತೆ ಹೆಂಡ ಕುಡಿಯಬೇಡಿ, ಡಾಕ್ಟರ ಮುಂದೆ ಕಾಯಿಲೆಯವರನ್ನೇ ಮಾತಾಡಲು ಬಿಡಿ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳುತ್ತಾರೆ. ಮನೆಯಲ್ಲೇ ಒಬ್ಬರಿಗಿತ್ತು ಎನ್ನುತ್ತೇನೆ. ಅಲ್ಲಿಗೆ ನಿಲ್ಲಿಸುತ್ತೇನೆ. ಡಾಕ್ಟರಮ್ಮನ ಕಾಗದದಲ್ಲಿ ಇವತ್ತಿಗೂ ಮಾತ್ರೆ ಬಿಟ್ಟವಳು ಅಕ್ಕನೇ.

ಹೋದ ವರ್ಷ ಚಳ್ಳಕೆರೆಯಿಂದ ಒಂದು ಡಬ್ಬಿ ತಂದುಕೊಟ್ಟೆ. ಏಳು ಖಾನೆ, ಒಂದೊಂದಕ್ಕೆ ವಾರದ ಹೆಸರು, ಮಾತ್ರೆ ತಗೊಂಡೆನೋ ಇಲ್ಲವೋ ಎಂಬ ಗೊಂದಲ ಇರುವುದಿಲ್ಲ. ಅಕ್ಕ ಚೆನ್ನಾಗೈತೆ ಎಂದು ತಗೊಂಡಳು. ಮುಂದಿನ ಸಲ ಹೋದಾಗ ಅದು ಮಗ್ಗದ ಪಕ್ಕದ ಗೂಡಿನಲ್ಲಿತ್ತು, ಏಳು ಖಾನೆಯಲ್ಲೂ ಬಣ್ಣ ಬಣ್ಣದ ರೇಷ್ಮೆಯ ತುಂಡು ಎಳೆಗಳು. ಮಾತ್ರೆ ಎಲ್ಲಿಟ್ಟುಕೊಂಡಿದ್ದಾಳೆ ಎಂದು ನನಗೆ ತಿಳಿಯದು. ಕೇಳಿಯೂ ಇಲ್ಲ.

ಮಧ್ಯಾಹ್ನ ಅವರ ಮನೆಯಲ್ಲಿದ್ದರೆ ಮೂವರೂ ಒಟ್ಟಿಗೆ ಉಣ್ಣುತ್ತೇವೆ. ತಟ್ಟೆ ಎತ್ತಿದ ಮೇಲೆ ಭಾವ ಒಂದು ಲೋಟ ನೀರು ತಂದು ಅಕ್ಕನ ಮುಂದಿಡುತ್ತಾನೆ. ಆಮೇಲೆ ಇಬ್ಬರೂ ಸುಮ್ಮನೆ ಕೂತಿರುತ್ತಾರೆ. ಮಾತ್ರೆ ಇನ್ನೂ ಹೊರಗೆ ಬಂದಿರುವುದಿಲ್ಲ. ನಾನು ಎದ್ದು ಜಗಲಿಗೆ ಹೋಗಿ, ಬೀದಿ ನೋಡುತ್ತ ನಿಲ್ಲುತ್ತೇನೆ. ಒಳಗೆ ಲೋಟ ನೆಲಕ್ಕೆ ತಾಗಿದ ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಅಕ್ಕ ಕರೆಯುತ್ತಾಳೆ.

"ಆಯ್ತು, ಬಾರೋ ಒಳಗೆ."